ಹುಣಸೆ ಪಾನಕದ ವಿಳಾಸ



ಕೊಟ್ಟೂರು ತೇರು ಹತ್ತಿರ ಬಂತೆಂದರೆ ದಾವಣಗೆರೆ ಕಡೆಯಿಂದ ನಮ್ಮ ಹರಪನಹಳ್ಳಿ ಹಾದು ಜನ ನಡೆದೇ ಹೋಗುತ್ತಾರೆ. ನಿಮ್ಮಲ್ಲಿ ಎಷ್ಟೋ ಮಂದಿ ಹಾಗೆ ನಡೆದವರೇ ಇದ್ದೀರಿ. ದಾರಿಯುದ್ದಕ್ಕೂ ಅರವಟ್ಟಿಗೆ. ಒಂದು ಮರದ ಕೆಳಗೆ ತಣ್ಣೀರು, ಮುಂದಿನ ಊರಬಾಗಿಲಲ್ಲಿ ಮಜ್ಜಿಗೆ, ಅದರಾಚೆ ಬೆಲ್ಲದ ಪಾನಕ. ಬಿಸಿಲಲ್ಲಿ ಬಂದವನು ಲೋಟ ಎತ್ತುತ್ತಾನೆ, ಗಂಟಲಿಗೆ ಸುರಿದುಕೊಳ್ಳುತ್ತಾನೆ, ಬಾಯಿ ಒರೆಸಿಕೊಂಡು ಮುಂದೆ ಹೊರಡುತ್ತಾನೆ. ಅವನಿಗೆ ಮೂರೂ ಒಂದೇ, ದಣಿವು ಹೋದರೆ ಸಾಕು. ಅರವಟ್ಟಿಗೆಯ ಲೋಟಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದ್ದಕ್ಕೆ ತೆರಿಗೆಯೂ ಇಲ್ಲ.

ಅದೇ ಮಜ್ಜಿಗೆ, ಅದೇ ಪಾನಕ ಬಾಟಲಿಗೆ ಬಿದ್ದು, ಮುಚ್ಚಳ ಹಾಕಿಸಿಕೊಂಡು, ಮಂಗಳೂರಿನ ಬಂದರಿಗೆ ಹೊರಟಿತು ಅನ್ನಿ. ಅಲ್ಲಿ ರುಚಿ ಕೇಳುವವರು ಯಾರೂ ಇರುವುದಿಲ್ಲ. ‘ಇದರ ಕೋಡ್ ಎಷ್ಟು?’ ಎಂದು ಕೇಳುತ್ತಾರೆ. ಇವತ್ತಿನ ಮಾತು ಆ ಕೋಡಿನ ಬಗ್ಗೆ.

ಈಚೆಗೆ ಒಂದು ಮಧ್ಯಾಹ್ನ, ನಾನು ಅಂಗಡಿಗಳ ತೆರಿಗೆ ಲೆಕ್ಕ ಬರೆಯುವ ಕೋಣೆಗೆ ಕೂಡ್ಲಿಗಿ ಕಡೆಯ ಹುಡುಗನೊಬ್ಬ ಬಂದ. ಹೆಗಲ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಮೊದಲು ಬೀಜ ಬಿಡಿಸಿ ಒತ್ತಿದ ಒಣ ಹುಣಸೆಹಣ್ಣಿನ ಅಚ್ಚು. ಆಮೇಲೆ ಹುಣಸೆ ಪುಡಿಯ ಡಬ್ಬಿ. ಮೂರನೆಯದು ನೀರಿಗೆ ಬೆರೆಸಿ ಕುಡಿಯುವ ಗಟ್ಟಿ ಶರಬತ್ತು. ಕೊನೆಗೆ ಹಾಗೇ ಕುಡಿಯಬಹುದಾದ ಪಾನಕದ ಬಾಟಲಿ.

“ಕಾಕಾ, ಇವೆಲ್ಲ ನಮ್ಮ ತೋಪಿನ ಹುಣಸಿನೇ ನೋಡ್ರಿ. ದುಬೈಯಾಗ ಒಬ್ರು ತಗಂತೀನಿ ಅಂದಾರ. ಇದಕ್ಕೊಂದು ಎಚ್‌ಎಸ್‌ಎನ್ ನಂಬರ್ ಹಾಕ್ಕೊಡ್ರಿ.”

“ಒಂದು ಸಾಲಂಗಿಲ್ಲಪ್ಪ, ನಾಲ್ಕು ಬೇಕು” ಅಂದೆ.

“ಮರ ಒಂದೇ ಅಲ್ರೀ?” ಅಂದ.

ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿದೆ. ಬಂಡಿಯವನು ದಾರಿಯ ಕಷ್ಟ, ಎತ್ತಿನ ಕುಂಟು, ಮಗಳ ಮದುವೆ ಎಲ್ಲ ಹೇಳಿಕೊಂಡರೂ ಕಟ್ಟೆಯ ಮೇಲೆ ಕೂತವನು ಕೇಳುವುದು ಒಂದೇ: ಮೂಟೆಯಲ್ಲಿ ಏನಿದೆ? ಸುಂಕ ನಮಗೆ ಹೊಸದಲ್ಲ. 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಇದ್ದಾನೆ, ಹೆಂಡದ ಮಾರಯ್ಯನೂ ಇದ್ದಾನೆ. ಸುಂಕ ಎತ್ತುವವನು, ಹೆಂಡ ಮಾರುವವನು ಇಬ್ಬರೂ ವಚನ ಬರೆದ ನಾಡು ಇದು. ಅವರಿಬ್ಬರು ಎಂದಾದರೂ ಒಂದು ಕಟ್ಟೆಯಲ್ಲಿ ಎದುರುಬದುರಾಗಿದ್ದರೆ, ಆ ಗಡಿಗೆಯಲ್ಲಿರುವುದಕ್ಕೆ ಯಾವ ಹೆಸರು ಎಂಬ ಚರ್ಚೆ ಖಂಡಿತ ನಡೆದಿರುತ್ತಿತ್ತು.

ಹೆಸರಿನ ತಕರಾರು ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. 1953ರ ಅಕ್ಟೋಬರ್ 1ರವರೆಗೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮದರಾಸಿಗೆ ಸೇರಿದ್ದವು. ತೆಂಕಲಿಗೆ ಜಗಳೂರು, ದಾವಣಗೆರೆ, ಅದು ಮೈಸೂರು. ತುಂಗಭದ್ರೆ ದಾಟಿದರೆ ಧಾರವಾಡ ಜಿಲ್ಲೆ, ಅದು ಮುಂಬಯಿ. ಹೊಳೆಯ ಗುಂಟ ಇನ್ನೂ ಬಡಗಲಿಗೆ ಹೋದರೆ ಕೊಪ್ಪಳ, ನಿಜಾಮನ ಹೈದರಾಬಾದು. ನಾಲ್ಕು ಸರಕಾರ, ನಾಲ್ಕು ಅಬಕಾರಿ ಕಾನೂನು. ಮದರಾಸು ಪ್ರಾಂತದಲ್ಲಿ 1948ರ ಹೊತ್ತಿಗೆ ಪೂರ್ತಿ ಪಾನನಿಷೇಧ ಬಂದಿತ್ತು. ಈಚಲ ಮರ ಹೊಳೆಯ ಆ ದಡದಲ್ಲಿದೆಯೋ ಈ ದಡದಲ್ಲಿದೆಯೋ ಎಂಬುದರ ಮೇಲೆ ಅದರ ಹೆಂಡದ ಹಣೆಬರಹ ತೀರ್ಮಾನವಾಗುತ್ತಿತ್ತು. ಮರಕ್ಕೇನು ಗೊತ್ತು ಸೀಮೆ?

ಇದೇ ತೊಂದರೆಯನ್ನು ಇಡೀ ಪ್ರಪಂಚಕ್ಕೆ ಹಿಗ್ಗಿಸಿ ನೋಡಿ. ಒಂದು ದೇಶ ‘ಶರಬತ್ತು’ ಎಂದು ಕಳಿಸಿದ್ದನ್ನು ಇನ್ನೊಂದು ದೇಶ ‘ಔಷಧ’ ಎಂದು ಇಳಿಸಿಕೊಂಡರೆ, ಮೂರನೆಯದು ‘ಮದ್ಯ’ ಎಂದು ತಡೆದರೆ, ವ್ಯಾಪಾರ ನಡೆಯುವುದು ಹೇಗೆ? ಅದಕ್ಕೇ ಬ್ರಸೆಲ್ಸಿನಲ್ಲಿರುವ ವಿಶ್ವ ಸುಂಕ ಸಂಘಟನೆ ಎಲ್ಲ ಸರಕಿಗೂ ಒಂದೇ ಅಂಕಿಯ ಪಟ್ಟಿ ಮಾಡಿತು. ಹುಡುಗ ಕೇಳಿದ ಎಚ್‌ಎಸ್‌ಎನ್ ನಂಬರ್ ಅಂದರೆ ಈ ಪಟ್ಟಿಯ ಅಂಕಿಯೇ. ಪಟ್ಟಿ 1988ರ ಜನವರಿ 1ರಂದು ಜಾರಿಗೆ ಬಂತು. 21 ವಿಭಾಗ, 97 ಅಧ್ಯಾಯ. ಮೊದಲ ಆರು ಅಂಕಿ ಪ್ರಪಂಚಕ್ಕೆಲ್ಲ ಒಂದೇ. ಮುಂದಿನ ಅಂಕಿಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳಬಹುದು. ನಮ್ಮ ದೇಶದ್ದು ಒಟ್ಟು ಎಂಟು ಅಂಕಿ. 2017ರಲ್ಲಿ ಜಿಎಸ್‌ಟಿ ಬಂದಾಗ ಅದೂ ಇದೇ ಸುಂಕದ ಪಟ್ಟಿಯ ಅಂಕಿಗಳನ್ನು ಹಿಡಿದುಕೊಂಡಿತು. ಹಾಗಾಗಿ ಹರಪನಹಳ್ಳಿಯ ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ಸರಕಿನ ಹೆಸರಿನ ಪಕ್ಕ ಇರುವ ನಾಲ್ಕಂಕಿ, ಹಡಗಿನ ಕಾಗದದ ಮೇಲೆ ಬೀಳುವ ಅಂಕಿಯ ಮೊದಲ ತುಂಡೇ.

ಈ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ ಹೋದರೆ ಒಂದು ಕ್ರಮ ಕಾಣುತ್ತದೆ. ಮೊದಲು ಜೀವಂತ ಪ್ರಾಣಿ, ಆಮೇಲೆ ಹಾಲು, ಹೂವು, ಕಾಯಿಪಲ್ಯ, ಹಣ್ಣು, ಧಾನ್ಯ. ನಂತರ ಹಿಟ್ಟು, ಎಣ್ಣೆ, ಸಕ್ಕರೆ. ಅದಾದ ಮೇಲೆ ಮಾಡಿದ ಅಡುಗೆ, ಪಾನೀಯ. ಮುಂದೆ ಬಟ್ಟೆ, ಯಂತ್ರ, ಗಡಿಯಾರ. ಹೆಚ್ಚುಕಡಿಮೆ, ಅಂಕಿ ದೊಡ್ಡದಾದಂತೆ ಅದರೊಳಗಿನ ಕೈಕೆಲಸವೂ ದೊಡ್ಡದಾಗುತ್ತದೆ. ಈಗ ನಮ್ಮ ತಾಲೂಕುಗಳ ಲಾರಿಗಳನ್ನು ನೆನಪಿಸಿಕೊಳ್ಳಿ. ಹಡಗಲಿಯ ಮಲ್ಲಿಗೆ ಅಧ್ಯಾಯ 6. ಈರುಳ್ಳಿ ಅಧ್ಯಾಯ 7. ಕೂಡ್ಲಿಗಿಯ ಹುಣಸೆ, ಹಗರಿಬೊಮ್ಮನಹಳ್ಳಿಯ ದಾಳಿಂಬೆ ಅಧ್ಯಾಯ 8. ಮೆಕ್ಕೆಜೋಳ, ಜೋಳ, ರಾಗಿ ಅಧ್ಯಾಯ 10. ನಾವು ಪುಸ್ತಕದ ಮೊದಲ ಹಾಳೆಗಳಲ್ಲೇ ಕೂತಿದ್ದೇವೆ. ಪಾನೀಯಗಳ ಅಧ್ಯಾಯ 22. ಹುಡುಗನ ಚೀಲದಲ್ಲಿದ್ದದ್ದು 8ರಿಂದ 22ಕ್ಕೆ ನಡೆದ ದಾರಿ.

ಆ 22ನೇ ಅಧ್ಯಾಯವನ್ನು ನಮ್ಮ ಬಸ್ ನಿಲ್ದಾಣದ ಸುತ್ತ ಒಂದು ಸುತ್ತು ಹಾಕಿಯೇ ಓದಬಹುದು.

ನೀರಿನಿಂದ ಶುರು ಮಾಡೋಣ. ಕುಡಿಯುವ ನೀರು 2201. ಐಸ್ ಗಡ್ಡೆಯೂ ಅಲ್ಲೇ, ಹಿಮವೂ ಅಲ್ಲೇ. ಹಿಮವನ್ನು ಯಾರು ಮಾರುತ್ತಾರೋ, ಪಟ್ಟಿಯಂತೂ ಜಾಗ ಕೊಟ್ಟಿದೆ. ಆದರೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಇಲ್ಲಿಲ್ಲ, ಅದು ರಾಸಾಯನಿಕಗಳ ಸಾಲಿನಲ್ಲಿ 2853. ಸಮುದ್ರದ ನೀರೂ ಇಲ್ಲಿಲ್ಲ, ಅದು ಉಪ್ಪಿನ ಜೊತೆ 2501. ನೀರು ಎಂಬ ಒಂದೇ ಮಾತಿಗೆ ಮೂರು ವಿಳಾಸ.

ಮುಂದೆ ಗೋಲಿ ಸೋಡಾ ಗಾಡಿ. ಗಾಡಿಯವನು ಬಾಟಲಿಯ ಬಾಯಿಗೆ ಬಿರಡೆ ಇಟ್ಟು ಅಂಗೈಯಲ್ಲಿ ಒಂದು ಗುದ್ದು ಗುದ್ದುತ್ತಾನೆ. ‘ಚುಂಯ್’ ಎಂದು ಗೋಲಿ ಕೆಳಗಿಳಿದು ಕತ್ತಿನ ಹಳ್ಳದಲ್ಲಿ ಕೂರುತ್ತದೆ, ನೊರೆ ಉಕ್ಕಿ ಬೆರಳು ತೋಯುತ್ತದೆ. ಒಳಗಿನ ಗ್ಯಾಸಿನ ಒತ್ತಡವೇ ಗೋಲಿಯನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಬೇರೆ ಮುಚ್ಚಳ ಬೇಕಿಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬುವನು 1872ರಲ್ಲಿ ಕಂಡುಹಿಡಿದ ಬಾಟಲಿ ಇದು. ಕಾಡನ ದೇಶ ಅದನ್ನು ಮರೆತಿತು, ನಮ್ಮ ಜಾತ್ರೆಗಳು ಮರೆಯಲಿಲ್ಲ. 2025ರ ಮಾರ್ಚಿನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯ, ಗೋಲಿ ಸೋಡಾ ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಅಮೆರಿಕ, ಬ್ರಿಟನ್, ಯುರೋಪ್, ಕೊಲ್ಲಿ ದೇಶಗಳಿಗೆ ಹೋಗುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡಿತು. ಬಾಟಲಿ ತನ್ನ ತವರಿಗೆ ವಾಪಸು ಹೋದಂತಾಯಿತು.

ಗಾಡಿಯವನು “ಸಾದಾ ಕೊಡ್ಲೋ, ನಿಂಬಿಹಣ್ಣಿಂದು ಕೊಡ್ಲೋ?” ಎಂದು ಕೇಳುತ್ತಾನಲ್ಲ, ಸುಂಕದ ಪುಸ್ತಕವೂ ಅದನ್ನೇ ಕೇಳುತ್ತದೆ. ಸಕ್ಕರೆಯಿಲ್ಲದ, ಪರಿಮಳವಿಲ್ಲದ ಸಾದಾ ಸೋಡಾ ನೀರಿನ ಮನೆಯಲ್ಲೇ ಉಳಿಯುತ್ತದೆ, 2201. ಸಕ್ಕರೆಯೋ ಪರಿಮಳವೋ ಸೇರಿತೆಂದರೆ 2202ಕ್ಕೆ ದಾಟುತ್ತದೆ. ದಾಟಿದರೆ ಏನಾಯಿತು? 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಲ್ಲಿ ಸಾದಾ ಸೋಡಾಕ್ಕೆ ಶೇ 5, ಸಿಹಿ ಬೆರೆಸಿದ ಗ್ಯಾಸಿನ ಪಾನೀಯಕ್ಕೆ ಶೇ 40. ನಡುವೆ ಇರುವುದು ಒಂದು ಚಮಚ ಸಕ್ಕರೆ. ಗಾಡಿಯವನ ವಹಿವಾಟು ಸಣ್ಣದು, ಅವನಿಗೆ ಈ ಲೆಕ್ಕ ತಟ್ಟುವುದಿಲ್ಲ. ಕಾರ್ಖಾನೆ ಹಾಕಿದವನಿಗೆ ತಟ್ಟುತ್ತದೆ.

ಬಾಟಲಿಗೂ ಒಂದು ನಿಯಮವಿದೆ. ಸಾಮಾನ್ಯವಾಗಿ ಕಟ್ಟಿದ ಡಬ್ಬಿ, ಚೀಲ, ಬಾಟಲಿ ಎಲ್ಲ ಒಳಗಿನ ಸರಕಿನ ಅಂಕಿಯಲ್ಲೇ ಸೇರಿಹೋಗುತ್ತವೆ. ಮತ್ತೆ ಮತ್ತೆ ಬಳಸುವುದಕ್ಕೆಂದೇ ಮಾಡಿದ್ದಾದರೆ ಹಾಗೆ ಸೇರಲೇಬೇಕೆಂದಿಲ್ಲ. ಗಾಜಿನ ಬಾಟಲಿಗೆ 7010 ಎಂಬ ಬೇರೆ ಮನೆಯಿದೆ. ‘ಬಾಟ್ಲಿ ಇಲ್ಲೇ ಇಡ್ರಿ’ ಎಂದು ಸೋಡಾದವನು ಹೇಳುವ ಮಾತು ಬ್ರಸೆಲ್ಸಿನ ಪುಸ್ತಕದಲ್ಲೂ ಇದೆ ಅಂದರೆ ನಗಬೇಡಿ.

ಗ್ಯಾಸಿನ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಸೇಬಿನ ರಸಕ್ಕೆ ಗ್ಯಾಸ್ ತುಂಬಿದ ‘ಆ್ಯಪಿ ಫಿಜ್’ ಎಂಬ ಪಾನೀಯವನ್ನು ಕೇರಳದ ತೆರಿಗೆ ಇಲಾಖೆ ‘ಗ್ಯಾಸಿನ ಪಾನೀಯ’ ಅಂತು, ಪಾರ್ಲೆ ಆಗ್ರೊ ಕಂಪನಿ ‘ಹಣ್ಣಿನ ರಸದ ಪಾನೀಯ’ ಅಂತು. 2017ರಲ್ಲಿ ಕೋರ್ಟು ಕಂಪನಿಯ ಮಾತು ಒಪ್ಪಿತು: ಆಧಾರ ಹಣ್ಣಿನ ರಸವಾಗಿರುವಾಗ, ಗ್ಯಾಸ್ ಇದೆ ಎಂಬ ಒಂದೇ ಕಾರಣಕ್ಕೆ ಅದರ ಜಾತಿ ಬದಲಾಗದು. ಆ ಗೆಲುವು ಬಹಳ ಕಾಲ ಉಳಿಯಲಿಲ್ಲ. 2021ರಲ್ಲಿ ಜಿಎಸ್‌ಟಿ ಮಂಡಳಿ ‘ಹಣ್ಣಿನ ರಸವಿರುವ ಗ್ಯಾಸಿನ ಪಾನೀಯ’ ಎಂದೇ ಹೊಸ ಸಾಲು ಬರೆದು ಮೇಲಿನ ದರಕ್ಕೆ ಏರಿಸಿತು. ಕೋರ್ಟು ಇದ್ದ ಸಾಲನ್ನು ಓದಿತು, ಮಂಡಳಿ ಸಾಲನ್ನೇ ಬದಲಿಸಿತು.

ಮಜ್ಜಿಗೆಗೆ ಬರೋಣ. ಮಜ್ಜಿಗೆ ಕುಡಿಯುವಂಥದ್ದೇ ಆದರೂ 22ನೇ ಅಧ್ಯಾಯದಲ್ಲಿಲ್ಲ. ಅದು ಹಾಲಿನ ಮಗಳು, ತವರು ಬಿಟ್ಟು ಹೋಗುವುದಿಲ್ಲ: 0403, ಮೊಸರಿನ ಜೊತೆ. ಬಾದಾಮಿ ಹಾಲಿನಂಥ ಪಾನೀಯಗಳಿಗೆ 2202ರಲ್ಲಿ ಬೇರೆ ಸಾಲುಂಟು, ಹಾಗಾಗಿ ಅಲ್ಲೂ ತಕರಾರು ತಪ್ಪಿದ್ದಲ್ಲ. ಮಜ್ಜಿಗೆಯ ವಿಳಾಸ ಗಟ್ಟಿಯಿದ್ದರೂ ಕಟ್ಟುವ ಬಗೆ ಬದಲಾದರೆ ದರ ಬದಲಾಗಬಹುದು. 2022ರ ಜುಲೈ 18ರಂದು, ಮೊದಲೇ ಕಟ್ಟಿ ಚೀಟಿ ಅಂಟಿಸಿದ ಮೊಸರು, ಮಜ್ಜಿಗೆ, ಲಸ್ಸಿಗೆ ಶೇ 5 ಜಿಎಸ್‌ಟಿ ಬಂತು. ನಂದಿನಿ ಪೊಟ್ಟಣದ ಬೆಲೆ ಏರಿದ್ದು ನಿಮಗೆ ನೆನಪಿರಬಹುದು. ಚರಿಗೆ ಹಿಡಿದು ಬರುವವರಿಗೆ ಬಿಡಿಯಾಗಿ ಅಳೆದು ಕೊಡುವ ಮನೆಯ ಮಜ್ಜಿಗೆಗೆ ಏನೂ ಇಲ್ಲ.

ಹೆಂಡದ ಮಾರಯ್ಯನ ಗಡಿಗೆಯೂ ಇದೇ ಅಧ್ಯಾಯಕ್ಕೆ ಸೇರಿದ್ದು. ಜವೆಯ ಮಾಲ್ಟಿನಿಂದ ಮಾಡಿದ ಬಿಯರ್ 2203. ದ್ರಾಕ್ಷಿಯ ವೈನ್ 2204. ಉಳಿದ ಹುಳಿತ ಪಾನೀಯಗಳೆಲ್ಲ 2206. ಈಚಲ ಹೆಂಡ, ತೆಂಗಿನ ಕಳ್ಳು ಇಲ್ಲಿಗೆ ಬರುತ್ತವೆ. ಬಟ್ಟಿ ಇಳಿಸಿದ್ದು 2208. ಮದ್ಯವೋ ಅಲ್ಲವೋ ಎಂಬುದಕ್ಕೆ ಗೆರೆ ಅರ್ಧ ಭಾಗ: ನೂರರಲ್ಲಿ 0.5ಕ್ಕಿಂತ ಹೆಚ್ಚು ಮದ್ಯಸಾರ ಇದ್ದರೆ ಅದು ಮದ್ಯ. ಆ ಹೆಂಡವನ್ನು ಇನ್ನೂ ಇಟ್ಟು ಪೂರ್ತಿ ಹುಳಿಯಾಗಲು ಬಿಟ್ಟರೆ ಅದು ವಿನೆಗರ್, 2209. ಗಡಿಗೆ ಅಲುಗಲಿಲ್ಲ, ಯಾರೂ ಮುಟ್ಟಲಿಲ್ಲ, ದಿನ ಉರುಳಿದ್ದಕ್ಕೇ ವಿಳಾಸ ಬದಲಾಯಿತು.

2206ರ ಸಾಲನ್ನು ಓದುವಾಗ ನನಗೆ ಪ್ರತಿ ಸಲವೂ ಸಣ್ಣದೊಂದು ಮುಳ್ಳು ಚುಚ್ಚುತ್ತದೆ. ಅಲ್ಲಿ ಉದಾಹರಣೆಗೆಂದು ಸೇಬಿನ ಸೈಡರ್, ಜೇನಿನ ಮೀಡ್, ಜಪಾನಿನ ಸಾಕೆ ಎಲ್ಲವನ್ನೂ ಹೆಸರು ಹಿಡಿದು ಬರೆದಿದ್ದಾರೆ. ನಮ್ಮ ಕಳ್ಳಿನ ಹೆಸರಿಲ್ಲ. ಅಂಬಲಿಯ ಹೆಸರು ಇಡೀ ಪುಸ್ತಕದಲ್ಲೇ ಇಲ್ಲ. ಯಾರ ಸರಕು ಕಡಲು ದಾಟಿತೋ ಅವರ ಹೆಸರು ಪಟ್ಟಿಗೆ ಬಂತು. ನಮ್ಮ ದೇಶ ಸೇರಿಸಿದ ಕೊನೆಯ ಎರಡು ಅಂಕಿಗಳಿಗೆ ಬಂದಾಗ ಮಾತ್ರ ಗುರುತಿನ ಮುಖಗಳು ಸಿಗುತ್ತವೆ: ಹುಣಸೆಗೆ ತನ್ನದೇ ಸಾಲು, ಬೆಲ್ಲಕ್ಕೆ, ರಾಗಿಗೆ, ಶರಬತ್ತಿಗೂ ತನ್ನದೇ ಸಾಲು.

ಕರ್ನಾಟಕದ ದೊಡ್ಡ ರಫ್ತು ಪಾನೀಯ ಅಂದರೆ ಕಾಫಿ. ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಹುರಿಯದ ಬೀಜ 0901 11, ಹುರಿದದ್ದು 0901 21. ನಾವು ಮನೆಯಲ್ಲಿ ಕುದಿಸುವ ಚಿಕೋರಿ ಬೆರೆತ ಪುಡಿ 0901 90ರಲ್ಲಿ, ‘ಕಾಫಿ ಇರುವ ಕಾಫಿ ಬದಲಿ’ ಎಂಬ ವಿಚಿತ್ರ ಹೆಸರಿನಲ್ಲಿ ಕೂತಿದೆ. ಕಾಫಿಯ ಸಾರ ತೆಗೆದು ಒಣಗಿಸಿದ ಇನ್‌ಸ್ಟಂಟ್ ಪುಡಿ 2101. ಹಸಿ ಬೀಜ ಕಳಿಸುವವನು 9ನೇ ಅಧ್ಯಾಯದಲ್ಲಿ, ಪುಡಿ ಕಳಿಸುವವನು 21ರಲ್ಲಿ. ಮಲೆನಾಡು ಆ ಹನ್ನೆರಡು ಅಧ್ಯಾಯಗಳ ದಾರಿಯನ್ನು ಒಂದಿಷ್ಟು ನಡೆದಿದೆ. ಬಯಲುಸೀಮೆ ಇನ್ನೂ ನಡೆಯಬೇಕು.

ಹುಡುಗನ ನಾಲ್ಕು ಸರಕಿನ ಮುಂದೆ ಒಂದೊಂದು ಚೀಟಿ ಬರೆದಿಟ್ಟೆ. ಒಣ ಹುಣಸೆ 0813 40 10. ಪುಡಿ 1106 30 10. ಗಟ್ಟಿ ಶರಬತ್ತು 2106 90 11. ಕುಡಿಯಲು ಸಿದ್ಧವಿರುವ ಪಾನಕ 2202 99 20, ಅಂದರೆ ಹಣ್ಣಿನ ತಿರುಳು ಅಥವಾ ರಸದ ಪಾನೀಯ. ಅವನು ಚೀಟಿಗಳನ್ನು ಎಡದಿಂದ ಬಲಕ್ಕೆ ನೋಡಿದ. “ನಂಬರ್ ದೊಡ್ಡದಾಕ್ಕಂತ ಹೋಗ್ಯಾವಲ್ರೀ” ಅಂದ. ನಾನು ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನು ಅವನು ಒಂದೇ ನೋಟಕ್ಕೆ ಹಿಡಿದಿದ್ದ.

“ಫಾರಿನ್ನಿಗೆ ಕಳಿಸಿದ್ರ ಜಿಎಸ್‌ಟಿ ಇಲ್ಲಂತಲ್ರೀ, ಮತ್ಯಾಕ ಇಷ್ಟು ತಲೆನೋವು?” ಎಂದು ಕೇಳಿದ. ರಫ್ತಿಗೆ ಜಿಎಸ್‌ಟಿ ಸೊನ್ನೆ ದರ, ನಿಜ. ಆದರೆ ಅಂಕಿಯ ಕೆಲಸ ಆಚೆ ದಡದಲ್ಲಿ ಶುರುವಾಗುತ್ತದೆ. ನಮಗೂ ಸಂಯುಕ್ತ ಅರಬ್ ಸಂಸ್ಥಾನಕ್ಕೂ 2022ರ ಮೇ 1ರಿಂದ ವ್ಯಾಪಾರ ಒಪ್ಪಂದ ನಡೆಯುತ್ತಿದೆ. ಯಾವ ಸರಕಿಗೆ ಎಷ್ಟು ಸುಂಕ ಮಾಫಿ ಎಂಬುದು ಅಂಕಿಯನ್ನೇ ನೋಡಿ ತೀರ್ಮಾನ. ಅದೇ ದೇಶ 2017ರಲ್ಲಿ ಗ್ಯಾಸಿನ ಪಾನೀಯಗಳ ಮೇಲೆ ಶೇ 50 ಅಬಕಾರಿ ತೆರಿಗೆ ಹಾಕಿತು, ಮುಂದೆ ಸಿಹಿ ಬೆರೆಸಿದ ಪಾನೀಯಗಳನ್ನೂ ತೆರಿಗೆಗೆ ತಂದಿತು. ಹುಣಸೆ ಅಚ್ಚಿಗೆ ಇಲ್ಲದ ಪ್ರಶ್ನೆ ಪಾನಕದ ಬಾಟಲಿಗೆ ಎದುರಾಗುತ್ತದೆ. ದೊಡ್ಡ ಅಂಕಿಯಲ್ಲಿ ದುಡಿಮೆಯ ಬೆಲೆ ಸಿಗುತ್ತದೆ, ಪ್ರಶ್ನೆಗಳೂ ಹೆಚ್ಚುತ್ತವೆ. ಇದನ್ನು ಮೊದಲೇ ತಿಳಿದು ಇಳಿಯಬೇಕು.

ಇನ್ನೊಂದು ಮಾತು. 2011ರಿಂದ ನಮ್ಮ ಸುಂಕದ ಕಾನೂನಿನಲ್ಲಿ ಸ್ವಯಂ ನಿರ್ಧಾರಣೆ ಇದೆ. ಅಂದರೆ ಸರಕಿನ ಅಂಕಿಯನ್ನು ಮೊದಲು ಬರೆಯಬೇಕಾದವರು ನಾವೇ; ಅಧಿಕಾರಿ ಆಮೇಲೆ ನೋಡುತ್ತಾನೆ. ತಪ್ಪು ಬರೆದರೆ ಹೊಣೆ ನಮ್ಮದು. ಅನುಮಾನವಿದ್ದರೆ ಸರಕು ಹೊರಡುವ ಮೊದಲೇ ಅರ್ಜಿ ಹಾಕಿ ಮುಂಗಡ ತೀರ್ಪು ಪಡೆಯಬಹುದು. ಅಂಥ ತೀರ್ಪುಗಳೂ ಕೆಲವೊಮ್ಮೆ ಬೆರಗು ಹುಟ್ಟಿಸುತ್ತವೆ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ‘ಪರೋಟ ರೊಟ್ಟಿಯಲ್ಲ’ ಅಂದಾಗ ನಾಡೆಲ್ಲ ನಕ್ಕಿತ್ತು. ತಿನ್ನುವವನ ನಾಲಿಗೆಗೂ ಪುಸ್ತಕದ ಸಾಲಿಗೂ ಅಷ್ಟು ದೂರ.

ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪಾನಕಕ್ಕೆ ಇಡುವ ಹೆಸರು, ಚೀಟಿಯ ಮೇಲಿನ ಬಣ್ಣ, ಅಜ್ಜಿಯ ಕಾಲದ ಕತೆ ಎಲ್ಲ ಕೊಳ್ಳುವವನಿಗೆ. ಸುಂಕದ ಕಟ್ಟೆಗೆ ಬೇಕಾದದ್ದು ಪಾಕದ ಲೆಕ್ಕ: ಹುಣಸೆ ಎಷ್ಟು, ಬೆಲ್ಲ ಎಷ್ಟು, ನೀರು ಎಷ್ಟು, ಗ್ಯಾಸ್ ಇದೆಯೋ ಇಲ್ಲವೋ. ನಮ್ಮ ಹೆಣ್ಣುಮಕ್ಕಳು ಇದನ್ನೆಲ್ಲ ಕೈಯಂದಾಜಿನಲ್ಲಿ ಮಾಡುತ್ತ ಬಂದವರು. ಆ ಅಂದಾಜನ್ನು ತಕ್ಕಡಿಗೆ ಹಾಕಿ ಬರೆದಿಟ್ಟ ದಿನ ಅರವಟ್ಟಿಗೆಯ ಪಾನಕಕ್ಕೆ ವಿಳಾಸ ಸಿಗುತ್ತದೆ.

ಹದಿನೈದು ದಿನ ಬಿಟ್ಟು ಅವನು ಮತ್ತೆ ಬಂದ. ಹೊಸ ಬಾಟಲಿ, ಅದರ ಮೇಲೆ ಅಳತೆ ಬರೆದ ಚೀಟಿ. ಗ್ಯಾಸ್ ಹಾಕಿರಲಿಲ್ಲ. ಲೋಟಕ್ಕೆ ಬಗ್ಗಿಸಿ ಕೊಟ್ಟ. ಹುಳಿ ಹದವಾಗಿತ್ತು, ಬೆಲ್ಲ ಹಿತವಾಗಿತ್ತು.

“ಉಪ್ಪು ಒಂಚೂರು ಮುಂದಾಗೇತಿ ನೋಡು” ಅಂದೆ.

ಅವನ ಮುಖ ಸಣ್ಣದಾಯಿತು. “ಕಾಕಾ, ಉಪ್ಪಿಗೂ ಬ್ಯಾರೆ ನಂಬರ್ ಐತೇನ್ರಿ?”

“ಐತಪ್ಪ, 2501. ಆದ್ರ ಅದು ಸುಂಕದ ಮಾತಲ್ಲ, ನನ್ನ ನಾಲಿಗಿ ಮಾತು. ಚೂರು ಕಮ್ಮಿ ಹಾಕು.”